ಅಕ್ಕ ಕಾದು ನಿಂತ ಮಾತು

ಸಾರಿಗೆ ಉಪ್ಪು ಹಾಕಿದ ಕೂಡಲೇ ನನ್ನ ಅಕ್ಕ ಉಪ್ಪಿನ ಡಬ್ಬಿಯ ಮುಚ್ಚಳವನ್ನು ಬೋರಲು ಇಡುತ್ತಾಳೆ. ಮುಚ್ಚಳ ಬೋರಲಿದ್ದರೆ ಉಪ್ಪು ಬಿದ್ದಿದೆ ಎಂದರ್ಥ. ಮನಸ್ಸು ಒಮ್ಮೆ ಮುಗಿಲಿಗೇರಿ ಒಮ್ಮೆ ಪಾತಾಳಕ್ಕಿಳಿಯುವ ಅವಳ ಕಾಯಿಲೆಗೆ ದಿಂಡಿಗಲ್‌ನ ಡಾಕ್ಟರು ಬೈಪೋಲಾರ್ ಎಂದು ಹೆಸರು ಹೇಳಿದ್ದರು. ಮಾತ್ರೆಯಿಂದ ಏರಿಳಿತ ತಹಬಂದಿಗೆ ಬಂದು ವರ್ಷಗಳಾದವು. ಆದರೂ ಈಗ ತಾನೇ ಮಾಡಿದ್ದು ಮರೆಯುತ್ತದೆ, ಇಬ್ಬರು ಒಟ್ಟಿಗೆ ಮಾತಾಡಿದರೆ ಎಳೆ ತಪ್ಪುತ್ತದೆ, ನಾಲಿಗೆ ತುದಿಯ ಮಾತು ಅಲ್ಲೇ ಕೂತುಬಿಡುತ್ತದೆ.

ತಮಿಳುನಾಡಿನ ಪೆರಿಯಕುಳಂನಲ್ಲಿರುವ ನಮ್ಮಂಥ ಕನ್ನಡದ ಮನೆಯಲ್ಲಿ ಇದು ಹೊರಗಿನವರಿಗೆ ತಿಳಿಯುವುದಿಲ್ಲ. ಕನ್ನಡದ ಮಾತು ಸಿಗದಿದ್ದರೆ ತಮಿಳಿನದು ಹಾಕುತ್ತಾಳೆ. ಎಲ್ಲರೂ ಮಾತಾಡುವುದೇ ಹಾಗೆ, ಯಾರಿಗೆ ಅನುಮಾನ? ಅವಳ ಮಗಳಂತೂ ನಮ್ಮ ಕನ್ನಡದಲ್ಲಿ ಏನು ಕೇಳಿದರೂ ತಮಿಳಿನಲ್ಲೇ ಉತ್ತರ ಕೊಡುವವಳು.

ಆ ಮಗಳಿಗೆ ಕಂಬಂ ಕಡೆಯ ಸಂಬಂಧ ಬಂದಾಗ ನನಗೆ ದಿಗಿಲಾಯಿತು. ನಮ್ಮ ಮನೆತನದಲ್ಲಿ ನಿಶ್ಚಯದ ದಿನ ಹೆಣ್ಣಿನ ತಾಯಿ ಎದ್ದು ನಿಂತು, ಹೆಣ್ಣು ಕೊಡುವ ಮಾತನ್ನು ನಮ್ಮ ಭಾಷೆಯಲ್ಲೇ ಆಡಬೇಕು. ತಮಿಳು ಬೆರೆಸುವಂತಿಲ್ಲ.

"ನಮ್ಮಣ್ಣ ಹೇಳ್ಲಿ ಬಿಡಕ್ಕ" ಎಂದೆ.

"ಮಗ್ಳು ನನ್ನೋಳು. ನಾನೇ ಹೇಳ್ತೀನಿ, ತಂಗಚ್ಚಿ."

ಅಷ್ಟಕ್ಕೇ ನಿಲ್ಲಿಸದೆ, ಗಂಡಿನ ತಾಯಿಯನ್ನು ಕೂರಿಸಿಕೊಂಡು ತನ್ನ ಕಾಯಿಲೆಯನ್ನೂ ಹೇಳಿಬಿಟ್ಟಳು. ನಾನು ಸಕ್ಕರೆ ಕಾಯಿಲೆಯನ್ನೇ ಮುಚ್ಚಿಟ್ಟುಕೊಂಡವಳು, ಆ ಧೈರ್ಯ ನನಗೆಲ್ಲಿಂದ ಬರಬೇಕು. ಗಂಡಿನ ತಾಯಿ ಎಲ್ಲವನ್ನೂ ಕೇಳಿಸಿಕೊಂಡು, ನಿಶ್ಚಯಕ್ಕೆ ಬರುತ್ತೇವೆ ಎಂದಷ್ಟೇ ಹೇಳಿ ಹೋದರು.

ಬಂದರು. ನಡುಮನೆಯ ತುಂಬ ಜನ. ಅಕ್ಕ ಎದ್ದಳು.

"ಈ ಸಂಬಂಧಕ್ಕೆ ನಂ ಮನೇದು..."

ಮುಂದಿನ ಮಾತು ಬರಲಿಲ್ಲ. ಹಿಂದಿನಿಂದ ಯಾರೋ ತಮಿಳಿನಲ್ಲಿ ಪಿಸುಗುಟ್ಟಿದರು. ಅಕ್ಕ ಕೈಯೆತ್ತಿ ತಡೆದಳು.

"ಮಾತು ಸಿಕ್ತಿಲ್ಲ. ಕೊಂಚ ಇರ್ರಿ, ಬತ್ತದೆ."

ನಾನು ಸೆರಗು ಹಿಂಡುತ್ತ ಕೂತಿದ್ದೆ. ಅವಳು ತಲೆ ತಗ್ಗಿಸದೆ ನಿಂತೇ ಇದ್ದಳು. ಅಷ್ಟು ಜನರ ಮುಂದೆ ಬರಿಗೈಯಲ್ಲಿ ಹಾಗೆ ನಿಲ್ಲುವುದು ಸಾಮಾನ್ಯವೇ? ಅಕ್ಕನನ್ನು ಅಂದು ಮೆಚ್ಚಿದಷ್ಟು ನಾನು ಯಾರನ್ನೂ ಮೆಚ್ಚಿಲ್ಲ.

ಆಗ ಮದುವಣಗಿತ್ತಿಯೇ ಬಾಯಿ ತೆರೆದಳು.

"ಒಪ್ಪಿಗೆ, ಅಮ್ಮ."

ನಮ್ಮ ಭಾಷೆಯಲ್ಲಿ ಅವಳ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು. ಗಂಡಿನ ತಾಯಿ ನಕ್ಕುಬಿಟ್ಟರು. "ಹೆಣ್ಣೇ ಒಪ್ಪಿಗೆ ಅಂದ ಮ್ಯಾಲೆ ಇನ್ಯಾರನ್ನ ಕೇಳಾದು?" ಎನ್ನುತ್ತ ಎದ್ದು ಬಂದು ಅಕ್ಕನ ಕೈ ಹಿಡಿದರು.

ಅಕ್ಕ ಕೂರಲಿಲ್ಲ. "ಇರ್ರಿ, ನಾನಿನ್ನೂ ಮುಗಿಸಿಲ್ಲ" ಎಂದಳು. ಆ ಕೈ ಬಿಡದೆಯೇ ಮೊದಲಿನಿಂದ ಶುರುಮಾಡಿ, ಪೂರ್ತಿ ಮಾತನ್ನು ತಾನೇ ಹೇಳಿ ಆಮೇಲೆ ಕೂತಳು.