ಭಜ್ಜಿ ಯಾರು ತರ್ತಾರ?

ಎಳ್ಳಮಾವಾಸ್ಯೆ ಹತ್ತಿರ ಬಂತೆಂದರೆ ಈಗಲೂ ನನ್ನ ಬಲಗೈ ರಟ್ಟೆ ನೋಯುತ್ತದೆ. ಹಬ್ಬಕ್ಕೂ ರಟ್ಟೆಗೂ ಏನು ಸಂಬಂಧ ಅಂತ ಕೇಳುವವರು ಒಮ್ಮೆ ಇಪ್ಪತ್ತು ಮಂದಿಗಾಗುವಷ್ಟು ಭಜ್ಜಿ ತಿರುವಿ ನೋಡಲಿ. ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿಯುವ ಬಜ್ಜಿ ಅಲ್ಲ. ಚಳಿಗಾಲದಲ್ಲಿ ಹೊಲದಲ್ಲಿ ಏನೇನು ಸಿಗುತ್ತದೋ ಅದೆಲ್ಲ ಅದರೊಳಗೆ ಬೀಳಬೇಕು. ಹಸಿ ತೊಗರಿ, ಅವರೆ, ಕಡಲೆ, ಮೆಂತ್ಯ, ಪುಂಡಿಪಲ್ಯ, ಉಳ್ಳಾಗಡ್ಡಿ ತಪ್ಪಲು, ಗಜ್ಜರಿ, ಬದನೆ. ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ, ಹುಣಸೆ ಹುಳಿ ಬಿಟ್ಟು, ಕಡಲೆ ಹಿಟ್ಟು ಕಲಸಿ ಹಾಕಿ, ಗಟ್ಟಿಯಾಗುವ ತನಕ ತಿರುವುತ್ತಲೇ ಇರಬೇಕು. ಕೈ ಬಿಟ್ಟರೆ ತಳ ಹಿಡಿಯುತ್ತದೆ. ಕಾಳು ಸುಲಿಯುವುದೇ ಎರಡು ದಿನದ ಕೆಲಸ, ಉಗುರ ಸಂದಿಯೆಲ್ಲ ಹಸಿರಾಗಿರುತ್ತಿತ್ತು.

ನನ್ನ ಮನೆ ಬಸವಕಲ್ಯಾಣದಲ್ಲಿ, ನೌಕರಿ ಹುಮನಾಬಾದಿನ ಒಂದು ಶಾಲೆಯಲ್ಲಿ. ಕನ್ನಡ ಕಲಿಸುತ್ತಿದ್ದೆ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ತೊಂಬತ್ತರ ದಶಕದ ಶುರುವಿನಲ್ಲಿ ನೌಕರಿಗೆ ಸೇರಿದ ವರ್ಷ, ಹಬ್ಬದ ಮರುದಿನ ಒಂದು ಡಬ್ಬಿ ಭಜ್ಜಿ ಒಯ್ದಿದ್ದೆ. ಹೊಸ ಹುರುಪು ನೋಡಿ! ಸ್ಟಾಫ್ ರೂಮಿನಲ್ಲಿ ಎಲ್ಲರೂ ಬೆರಳು ನೆಕ್ಕಿದರು. ಹೆಡ್ ಮಾಸ್ತರರಂತೂ, "ಮೇಡಂ, ಏನ್ ಕೈರೀ ನಿಮ್ದು!" ಅಂದರು. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡದ್ದು ಅವತ್ತೇ.

ಮುಂದಿನ ವರ್ಷದಿಂದ ಅದು ಸ್ಟಾಫಿನ ಊಟವೇ ಆಯಿತು. ಒಬ್ಬೊಬ್ಬರು ಒಂದೊಂದು ತರಬೇಕು. ಹಬ್ಬಕ್ಕೆ ವಾರ ಇರುವಾಗ ಹೆಡ್ ಮಾಸ್ತರರು ಚೀಟಿ ಹಿಡಿದು ಬರೆದುಕೊಳ್ಳುತ್ತಿದ್ದರು. ಸಜ್ಜೆ ರೊಟ್ಟಿ ಇಬ್ಬರು, ಶೇಂಗಾ ಹಿಂಡಿ ಒಬ್ಬರು, ಮೊಸರು ಒಬ್ಬರು. ಗಣಿತದ ಮಾಸ್ತರರು ಬಾಳೆಹಣ್ಣು. ಬಾಳೆಹಣ್ಣಿಗೆ ಏನು ತಿರುವಬೇಕು, ಏನು ಸುಲಿಯಬೇಕು? ಭಜ್ಜಿಯ ಮುಂದೆ ಮಾತ್ರ ನನ್ನನ್ನು ಕೇಳದೆಯೇ ನನ್ನ ಹೆಸರು ಬೀಳುತ್ತಿತ್ತು. ಅಷ್ಟಕ್ಕೇ ನಿಲ್ಲಲಿಲ್ಲ. ನಾಗರಪಂಚಮಿಗೆ ಉಂಡಿ ನನ್ನದು, ಮಾವಿನ ಕಾಲಕ್ಕೆ ಸೀಕರಣೆ ನನ್ನದು, ಯಾರಿಗಾದರೂ ವರ್ಗವಾದರೆ ಬೀಳ್ಕೊಡುವ ಹೋಳಿಗೆಯೂ ನನ್ನದೇ.

ಮನೆಯಲ್ಲಿ ಗಂಡ ಬೈಯುತ್ತಿದ್ದರು. "ಯಾರ್ ಒಯ್ಯಿ ಅಂದಾರ ನಿನಗ? ಆಗಂಗಿಲ್ಲ ಅನ್ನಾಕ ಬರಂಗಿಲ್ಲೇನು?" ಹೀಗೆ ಹೇಳುವಾಗ ಅವರ ಕೈಯಲ್ಲಿ ಪೇಪರು ಇರುತ್ತಿತ್ತೇ ಹೊರತು ಒಂದು ಅವರೆಕಾಯಿ ಇರುತ್ತಿರಲಿಲ್ಲ. ಆದರೂ ಅವರು ಹೇಳಿದ್ದು ಖರೆ. ಇಲ್ಲ ಅನ್ನಲು ನನಗೆ ಬರುತ್ತಿರಲಿಲ್ಲ, ಯಾಕೆಂದರೆ ಆ ಹೊಗಳಿಕೆ ನನಗೆ ಬೇಕಿತ್ತು. ಸುಳ್ಳು ಯಾಕೆ ಹೇಳಲಿ? ಆದರೆ ವರ್ಷ ಕಳೆದಂತೆ ಹೊಗಳಿಕೆ ಸಪ್ಪಗಾಯಿತು, ಪಾತ್ರೆ ಮಾತ್ರ ದೊಡ್ಡದಾಗುತ್ತ ಹೋಯಿತು. ಕೊನೆಕೊನೆಗೆ ನನಗೆ ಒಂದೇ ಆಸೆ ಉಳಿಯಿತು. ಯಾರಾದರೂ ಒಬ್ಬರು, ಒಂದೇ ಒಂದು ವರ್ಷ, "ಈ ಸಲ ನಾ ಮಾಡ್ತೀನಿ, ನೀವು ಸುಮ್ಮ ಬರ್ರಿ" ಅನ್ನಬೇಕು. ಅಷ್ಟೇ. ಹನ್ನೆರಡು ವರ್ಷ ಯಾರೂ ಅನ್ನಲಿಲ್ಲ.

ಇಲ್ಲಿ ಶಾಲೆಯ ಆಯಾಳ ವಿಷಯ ಹೇಳಬೇಕು. ಬೇಮಳಖೇಡದ ಕಡೆಯವಳು, ನನ್ನ ವಯಸ್ಸಿನವಳೇ. ಕೊರಳ ಕರಿಮಣಿಯಲ್ಲಿ ಬುದ್ಧನ ಸಣ್ಣದೊಂದು ಪದಕ ಇರುತ್ತಿತ್ತು. ಕಸ ಗುಡಿಸುವುದು, ಗಂಟೆ ಹೊಡೆಯುವುದು ಅವಳ ಕೆಲಸ. ಕುಡಿಯುವ ನೀರು ತುಂಬಲು ಮಾತ್ರ ಬೇರೆ ಹೆಂಗಸು ಇದ್ದಳು. ಯಾಕೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೂ ಬೀಳುತ್ತಿರಲಿಲ್ಲ. ನಮ್ಮ ಊಟ ಮುಗಿದ ಮೇಲೆ ಅವಳು ತನ್ನ ಸ್ಟೀಲ್ ಡಬ್ಬಿ ತೆಗೆದುಕೊಂಡು ಹೊರಗಿನ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಪಾತ್ರೆಯ ತಳದಲ್ಲಿ ಉಳಿದದ್ದನ್ನು ನಾನೇ ಒಯ್ದು ಬಡಿಸುತ್ತಿದ್ದೆ. ಸೌಟು ಡಬ್ಬಿಗೆ ತಾಗದಂತೆ ಒಂದು ಗೇಣು ಮೇಲಿನಿಂದ. ಕ್ಲಾಸಿನಲ್ಲಿ 'ಇವನಾರವ' ವಚನವನ್ನು ಬೋರ್ಡಿನ ಮೇಲೆ ಬರೆದು ಪಾಠ ಮಾಡುತ್ತಿದ್ದೆ, ಮಕ್ಕಳೂ ಗಪ್ಪಾಗಿ ಕೇಳುತ್ತಿದ್ದರು. ಅದೇ ಕೈ ಇದು.

ಎರಡು ಸಾವಿರದ ಈಚೆಗೆ ಒಂದು ವರ್ಷ, ಹಬ್ಬದ ಮುಂಚೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದರು. ಅವರನ್ನು ಎತ್ತುವುದು, ಕೂರಿಸುವುದು, ತೊಳೆಯುವುದು ನನ್ನ ಪಾಲಿಗೆ ಬಂತು. ಮೈಯಲ್ಲಿ ಒಂದು ಹನಿ ತ್ರಾಣ ಉಳಿದಿರಲಿಲ್ಲ. ಚೀಟಿಯಲ್ಲಿ ಹೆಸರು ಆಗಲೇ ಬಿದ್ದಿತ್ತು. ರಾಜೇಶ್ವರದಲ್ಲಿ ನನ್ನ ನಾದಿನಿ ಇದ್ದಾಳೆ, ಹೊಲಮನೆಯವರು. ಅವಳಿಗೆ ಫೋನ್ ಮಾಡಿ ಬೇಡಿಕೊಂಡೆ. "ನೀವು ಹಬ್ಬಕ್ಕ ಹ್ಯಾಂಗೂ ಮಾಡ್ತೀರಿ, ನನಗೂ ಒಂದ್ ಪಾತ್ರಿ ಹೆಚ್ಚಿಗಿ ಮಾಡವ್ವ."

"ಈ ಸಲ ಅಷ್ಟ ನೋಡ್ ವೈನಿ, ನನಗೂ ಸಾಕಾಗ್ಯಾದ," ಅಂದಳು. ಹಬ್ಬದ ಮರುದಿನ ರಾಜೇಶ್ವರದಲ್ಲಿ ಬಸ್ಸು ನಿಂತಾಗ ಕಂಡಕ್ಟರನ ಕಡೆಯಿಂದ ಬೈಸಿಕೊಳ್ಳುತ್ತ ಪಾತ್ರೆ ಹತ್ತಿಸಿ ಹೋದಳು.

ಸ್ಟಾಫ್ ರೂಮಿನಲ್ಲಿ ನಾನೇ ಎಲ್ಲರಿಗೂ ಬಡಿಸಿದೆ. ಇನ್ನೇನು ಯಾರಾದರೂ ಗುರುತು ಹಿಡಿಯುತ್ತಾರೆ ಅಂದುಕೊಂಡಿದ್ದೆ. ಹೆಡ್ ಮಾಸ್ತರರು ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಮೇಡಂ, ಪ್ರತಿ ವರ್ಷದಕ್ಕಿಂತ ಈ ವರ್ಷದ್ದು ಭಾರಿ ಆಗ್ಯಾದ ನೋಡ್ರಿ!" ಎಲ್ಲರೂ ಹೌದ್ರಿ ಹೌದ್ರಿ ಅಂದರು. ಗಣಿತದ ಮಾಸ್ತರರು ಮೂರು ಸಲ ಹಾಕಿಸಿಕೊಂಡರು. ಹನ್ನೆರಡು ವರ್ಷ ನಾನು ರಟ್ಟೆ ಮುರಿದುಕೊಂಡದ್ದು ಈ ನಾಲಿಗೆಗಳಿಗಾ, ಸುಡಲಿ! ಅಂತ ಸಿಟ್ಟು ಬಂತು.

ಊಟ ಮುಗಿದು ಎಲ್ಲರೂ ಕ್ಲಾಸಿಗೆ ಹೋದರು. ನನಗೆ ಆ ಪಿರಿಯಡ್ ಇರಲಿಲ್ಲ. ತಳದಲ್ಲಿ ಉಳಿದದ್ದನ್ನು ಆಯಾಳಿಗೆ ಬಡಿಸಿ ಬಂದು, ಹಿಂದಿನ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತ ಕೂತಿದ್ದೆ. ಆಯಾ ಬಂದು ಸ್ವಲ್ಪ ದೂರದಲ್ಲಿ ನಿಂತಳು.

"ಇದು ನೀವ್ ಮಾಡಿದ್ದಲ್ಲ, ಅಲ್ರಿ ಅಕ್ಕೋರ?"

ನನ್ನ ಕೈ ನಿಂತಿತು. "ನಿನಗ ಹ್ಯಾಂಗ ಗೊತ್ತಾತು?"

"ನೀವು ಕಡ್ಲಿ ಹಿಟ್ಟು ಹುರದ್ ಹಾಕ್ತೀರಿ. ಇದ್ರಾಗ ಹಸಿ ಹಿಟ್ಟಿನ ವಾಸ್ನಿ ಅದ. ನಿಮ್ ಕೈಲಿಂದು ಇಷ್ಟ್ ವರ್ಷ ಉಂಡೀನಿ, ತಿಳಿಯಂಗಿಲ್ಲೇನ್ರಿ?" ಅಂದು ನನ್ನ ಮುಖ ನೋಡಿದಳು. "ಯಾಕ್ರಿ ಅಕ್ಕೋರ, ಆರಾಮಿಲ್ಲೇನ್ರಿ? ಭಾಳ ಸೊರಗೀರಿ."

ಆ ದಿನಗಳಲ್ಲಿ ಈ ಮಾತನ್ನು ನನಗೆ ಯಾರೂ ಕೇಳಿರಲಿಲ್ಲ. ಗಂಡ ಕೇಳಿರಲಿಲ್ಲ, ತವರಿನವರೂ ಕೇಳಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಅತ್ತೆ ಬಿದ್ದದ್ದು, ನನ್ನ ಸೊಂಟ ಹಿಡಿದದ್ದು, ನಾದಿನಿಯನ್ನು ಬೇಡಿಕೊಂಡದ್ದು, ಎಲ್ಲ ಅವಳ ಮುಂದೆ ಹೇಳಿಬಿಟ್ಟೆ. ಅವಳು ನಿಂತೇ ಕೇಳಿದಳು. ಕೂತುಕೋ ಅಂತ ನಾನು ಅನ್ನಲಿಲ್ಲ.

"ಹಂಗಿದ್ರ ಬರೋ ವರ್ಷ ನಾ ಮಾಡ್ಕೊಂಡ್ ಬರ್ಲೇನ್ರಿ?" ಅಂದಳು. ಯೋಚನೆ ಮಾಡಿ ಅಂದ ಮಾತಲ್ಲ, ಮರುಕದಲ್ಲಿ ಬಾಯಿಂದ ಬಂದುಬಿಟ್ಟದ್ದು. "ನಮ್ ಕಡಿನೂ ಚೊಲೋ ಮಾಡ್ತೀವ್ರಿ. ನೀವ್ ಒಂದ್ ವರ್ಷ ಸುಮ್ಮ ಕುಂತು ಉಣ್ರಿ."

ಹನ್ನೆರಡು ವರ್ಷ ಕಾದ ಮಾತು. ಹೆಚ್ಚುಕಡಿಮೆ ಹಾಗೇ. "ಆಗಲಿ" ಅನ್ನುವ ಮೂರು ಅಕ್ಷರಕ್ಕೆ ನನ್ನ ನಾಲಿಗೆ ಹೊರಳಲಿಲ್ಲ. ನಮ್ಮಿಬ್ಬರಿಗೂ ತಿಳಿದದ್ದು ಒಂದೇ ವಿಷಯ. ಅವಳು ತಂದರೆ ಆ ಪಾತ್ರೆಗೆ ಯಾರು ಕೈ ಹಾಕುತ್ತಾರೆ? ಮೊದಲು ನಾನು ಹಾಕುತ್ತೇನಾ?

"ನೋಡೂಣ ತಗೋ," ಅಂದೆ.

"ಹೌದ್ರಿ," ಅಂದು ಅವಳು ಗಂಟೆ ಹೊಡೆಯಲು ಹೋದಳು.

ಮರುವರ್ಷ ಅದೇ ವಾರ ಬಂತು, ಚೀಟಿ ಬಂತು. ಅತ್ತೆ ಇನ್ನೂ ಹಾಸಿಗೆಯಲ್ಲೇ ಇದ್ದರು. ಮುಖ ಹೇಗಿತ್ತೋ ನನ್ನದು, ಎಂದೂ ಕೇಳದ ಹೆಡ್ ಮಾಸ್ತರರು ಅವತ್ತು ಪೆನ್ನು ಹಿಡಿದುಕೊಂಡೇ ಕೇಳಿದರು: "ಮೇಡಂ, ನಿಮಗ ತ್ರಾಸ ಆಗಾಕತ್ತದ ಕಾಣ್ತದ. ಈ ಸಲ ಭಜ್ಜಿ ಬ್ಯಾರೆ ಯಾರರ ತರೋರು ಅದಾರೇನು?"

ಗಣಿತದ ಮಾಸ್ತರರು ಕಿಟಕಿಯ ಹೊರಗೆ ನೋಡಿದರು. ಬಾಗಿಲ ಹತ್ತಿರ ಕಸ ಗುಡಿಸುತ್ತಿದ್ದ ಆಯಾ ಸೊಂಟ ನೆಟ್ಟಗೆ ಮಾಡಿ ನಿಂತಳು. ಅವಳು ಹೆಡ್ ಮಾಸ್ತರರನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಯಾರೂ ಇಲ್ರಿ ಸರ್," ಅಂದೆ. "ನಾನೇ ತರ್ತೀನಿ, ಬರ್ಕೋರಿ."

ಅವರು ಬರೆದುಕೊಂಡರು. ಅವಳು ಬಗ್ಗಿ ಮತ್ತೆ ಕಸ ಗುಡಿಸತೊಡಗಿದಳು.