ಮಾಣಿಕನಿಗೆ ನಾನು ಕುಡಿಸಿದ ನೀರು

ಇದರಲ್ಲಿ ಕೆಲವು ವಿವರ ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ಆ ಸಭೆ ಭಾಲ್ಕಿಯ ಶಾಲೆಯ ಅಂಗಳದಲ್ಲಿ ನಡೆಯಿತೋ ಎದುರಿನ ಬಯಲಿನಲ್ಲೋ, ನನಗೀಗ ಖಾತ್ರಿಯಿಲ್ಲ. ಆಗಲೂ ದಿನಚರಿ ಬರೆಯುತ್ತಿದ್ದೆ ನಿಜ. ಆದರೆ ಆ ದಿನದ ಪುಟ ತೆಗೆದು ನೋಡಿದರೆ ನಾನುಟ್ಟ ಇಳಕಲ್ ಸೀರೆಯ ಸೆರಗಿಗೆ ಹತ್ತು ಸಾಲು, ಚಪ್ಪಾಳೆಗೆ ನಾಲ್ಕು, ಕಾಕಾರಿಗೆ ಒಂದೇ: "ಕಾಕಾ ಯಾಕೋ ಮಾತಾಡಲಿಲ್ಲ." ಇಂಥ ಸಾಕ್ಷಿಯನ್ನು ನಂಬಿಕೊಂಡು ನೀವು ಮುಂದೆ ಓದಬೇಕು.

ನೆನಪು ಕೆದಕಿದ್ದು ಅಂಚೆಯಲ್ಲಿ ಬಂದ ಒಂದು ಕರಡಚ್ಚು. ಬಿಚ್ಚಿದಾಗ ಇನ್ನೂ ಮಸಿಯ ವಾಸನೆ ಹೊಡೆಯುತ್ತಿತ್ತು. ಬೀದರದ ಕೆಲವು ಉತ್ಸಾಹಿಗಳು ಜಿಲ್ಲೆಯ ಕವಿತೆಗಳ ಪುಸ್ತಕ ತರುತ್ತಿದ್ದಾರಂತೆ. ಅದರಲ್ಲಿ ಕಾಕಾರ ಹೆಸರಿನಲ್ಲಿ ಒಂದು ಕವಿತೆ. ತಪ್ಪಿದ್ದರೆ ತಿದ್ದಿ ಕಳಿಸಿ ಎಂದು ಬರೆದಿದ್ದರು. ತಿದ್ದುವುದಕ್ಕೆ ನನ್ನನ್ನೇ ಆರಿಸಿಕೊಂಡಿದ್ದು ನೋಡಿ ನಗು ಬಂತು. ಒಮ್ಮೆ ನಾನು ತಿದ್ದಿದ್ದರಿಂದಲೇ ಅಲ್ಲವೇ ಈ ಪಜೀತಿ.

ಕಾಕಾ ಎಂದರೆ ನನ್ನ ತಂದೆಯ ತಮ್ಮ, ಶರಣಪ್ಪ. ಬರ್ಮಾದ ಲಡಾಯಿಗೆ ಹೋಗಿ ಬಂದವರು, ಬಂದ ಮೇಲೆ ಔರಾದದ ಕಚೇರಿಯಲ್ಲಿ ಗುಮಾಸ್ತರಾದವರು. ಊಟಕ್ಕೆ ಕೂತಾಗ ಪಕ್ಕದಲ್ಲಿ ತುಂಬಿದ ತಂಬಿಗೆ ಇದ್ದರೂ ಮುಟ್ಟುತ್ತಿರಲಿಲ್ಲ. ಎಲ್ಲರೂ ಎದ್ದ ಮೇಲೆ ಹಿತ್ತಿಲಿಗೆ ಹೋಗಿ, ಗೋಡೆಗೆ ಮುಖ ಮಾಡಿ ಕುಡಿಯುತ್ತಿದ್ದರು. ನಾವು ಹುಡುಗಿಯರು ಹಾಗೇ ಗೋಡೆಗೆ ತಿರುಗಿ ಕುಡಿದು ತೋರಿಸಿ ನಗುತ್ತಿದ್ದೆವು. ಒಮ್ಮೆ ಬಜಾರಿನಲ್ಲಿ ಬಸ್ಸಿನ ಟಾಯರು ಒಡೆದ ಸದ್ದಿಗೆ ಅವರು ನೆಲಕ್ಕೆ ಬೋರಲು ಬಿದ್ದರು. ಅದಕ್ಕೂ ನಕ್ಕೆವು. ನಗುವುದರಲ್ಲಿ ನಮ್ಮ ಮನೆಯವರು ಹಿಂದೆ ಬಿದ್ದವರಲ್ಲ.

ಅವರು ಕವಿತೆ ಬರೆಯುತ್ತಾರೆಂದು ಗೊತ್ತಾದದ್ದು ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ. ನಿಜಾಮರ ಕಾಲದ ಶಾಲೆಯಲ್ಲಿ ಅವರು ಕಲಿತದ್ದು ಉರ್ದು. ಬಾಯಲ್ಲಿ ಕನ್ನಡ, ಕೈಯಲ್ಲಿ ಉರ್ದು ಅಕ್ಷರ. ಹೀಗಾಗಿ ಕನ್ನಡದ ಸಾಲುಗಳನ್ನೇ ಉರ್ದು ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿಡುತ್ತಿದ್ದರು. ಇನ್ನು ಕಚೇರಿಯ ಕಾಗದವೆಲ್ಲ ಕನ್ನಡದಲ್ಲೇ ಅಂತ ಸುದ್ದಿಯಾದಾಗ, ನಲವತ್ತರ ಹತ್ತಿರದ ಕಾಕಾ ಪಾಟಿ ಹಿಡಿದು ಕಾಗುಣಿತಕ್ಕೆ ಕೂತರು. ಧಾರವಾಡದಲ್ಲಿ ಬಿ.ಎ. ಮುಗಿಸಿ ಬಂದಿದ್ದ ನಾನೇ ಮಾಸ್ತರಿಣಿ.

"ಕಾಕಾ, ಇಲ್ಲಿ ದೀರ್ಘ ಎಲ್ಲಿ ಹೋಯ್ತ್ರಿ?"

"ರಜಾ ಮ್ಯಾಲ ಹೋಗ್ಯಾದ. ಅರ್ಜಿ ಕೊಟ್ಟಾದ, ನೀನೇ ಮಂಜೂರ ಮಾಡ್ಲಿಲ್ಲ."

ಒಂದು ಮಧ್ಯಾಹ್ನ ಅವರು ತಮ್ಮ ವಹಿ ತೆಗೆದು ಓದಿ ಹೇಳಿದರು, ನಾನು ಕನ್ನಡದಲ್ಲಿ ಬರೆದುಕೊಂಡೆ. ಮಾಣಿಕ ಎಂಬವನು ಅವರ ಜೊತೆಗೇ ಫೌಜಿಗೆ ಹೋದವನು, ಭಾಲ್ಕಿ ಕಡೆಯ ಮೆಹಕರದವನು. ಬರ್ಮಾದ ಕಾಡಿನಲ್ಲಿ, ಕಾಕಾರ ಪಕ್ಕದಲ್ಲೇ ಸತ್ತ. ನನಗೆ ನೆನಪಿರುವ ಮಟ್ಟಿಗೆ ಕವಿತೆ ಹೀಗಿತ್ತು:

ಮಾಣಿಕ ನೀರು ಅಂದ.
ನನ್ನ ಬಾಟ್ಲ್ಯಾಗ ನೀರಿತ್ತು.
ಇಲ್ಲ ಅಂದೆ.
ಅವ ಕೇಳೋದು ನಿಂತ ಮ್ಯಾಲ
ಆ ಕಡಿ ತಿರುಗಿ ಕುಡದೆ.

"ಬರಕೊಂಡೇನು?" ಅಂದರು. "ಬರಕೊಂಡೇನ್ರಿ" ಅಂದೆ.

ಕಾವ್ಯಮೀಮಾಂಸೆಯಲ್ಲಿ ನನಗೆ ಒಳ್ಳೆಯ ಅಂಕ ಬಂದಿದ್ದವು. ಔಚಿತ್ಯ ಎಂಬ ಪದವನ್ನು ಆ ವರ್ಷ ನಾನು ಒಗ್ಗರಣೆಗೂ ಹಾಕುತ್ತಿದ್ದೆ. ಲಡಾಯಿಗೆ ಹೋದ ವೀರನೊಬ್ಬ ನೀರಿಟ್ಟುಕೊಂಡು ಇಲ್ಲ ಎನ್ನುವುದು ಔಚಿತ್ಯಭಂಗ. ಕಾಕಾ ಭಾವಾವೇಶದಲ್ಲಿ ತಮ್ಮ ಮೇಲೆ ಇಲ್ಲದ ತಪ್ಪು ಹೇರಿಕೊಂಡಿದ್ದಾರೆ ಎಂದು ತೀರ್ಮಾನಿಸಿದೆ. ಅವರನ್ನೇ ಕೇಳಬಹುದಿತ್ತು. ಗೋಡೆಗೆ ತಿರುಗಿ ನೀರು ಕುಡಿಯುವ ಮನುಷ್ಯ ಅದೇ ಮನೆಯಲ್ಲೇ ಇದ್ದರು. ನಾನು ಪೆನ್ನು ಹಿಡಿದು, "ಕೊಳ್ಳು ಮಾಣಿಕ, ಕೊನೆಯ ಗುಟುಕಿದು, ತಾಯ ಹಾಲಿನ ತಂಪಿದು" ಎಂದು ಶುರುಮಾಡಿ ಹದಿನಾರು ಸಾಲು ಬೆಳೆಸಿದೆ. ಕಾಕಾರದ್ದೆಂದು ಉಳಿಸಿದ್ದು ಸತ್ತವನ ಹೆಸರೊಂದೇ.

ರಾಜ್ಯ ಸೇರಿದ ಸಂತೋಷಕ್ಕೆ ಭಾಲ್ಕಿಯಲ್ಲಿ ಸಭೆ. ಲಡಾಯಿ ಕಂಡ ಕವಿ ಎಂದು ಕಾಕಾರನ್ನು ಕರೆಸಿ ಕುರ್ಚಿಯಲ್ಲಿ ಕೂರಿಸಿದ್ದರು. ಹೊಸ ಅಕ್ಷರವನ್ನು ಮಂದಿ ಮುಂದೆ ಓದಲು ಅವರಿಗೆ ಸಂಕೋಚ, ಹಾಗಾಗಿ ನಾನು ಓದಿದೆ; ತಿದ್ದಿದ್ದನ್ನು ಅವರಿಗೆ ಮೊದಲೇ ತೋರಿಸಿರಲಿಲ್ಲ. ದನಿ ಏರಿಸಿ, ಇಳಿಸಿ, ಸೆರಗು ಸರಿಮಾಡಿಕೊಂಡು ಓದಿದೆ. ಎರಡನೆಯ ಸಾಲಿಗೇ ಕಾಕಾ ಕುರ್ಚಿಯಿಂದ ಅರ್ಧ ಎದ್ದಿದ್ದರು. ಮೆಚ್ಚುಗೆ ತಡೆಯಲಾಗದೆ ಎದ್ದರು ಅಂದುಕೊಂಡೆ. ಅಷ್ಟು ಜಾಣೆ ನಾನು.

ಚಪ್ಪಾಳೆ ನಿಲ್ಲುವ ಮೊದಲೇ ಹೆಣ್ಣುಮಕ್ಕಳ ಸಾಲಿನಿಂದ ಒಬ್ಬ ಮುದುಕಿ ಮುಂದೆ ಬಂದಳು. ಮಾಣಿಕನ ಅವ್ವ. ಮೆಹಕರದಿಂದ ಬಂಡಿ ಕಟ್ಟಿಕೊಂಡು ಬಂದವರ ಜೊತೆ ಬಂದಿದ್ದಳಂತೆ. ಕಾಕಾರ ಎರಡೂ ಕೈ ಹಿಡಿದಳು.

"ಎಪ್ಪಾ, ನನ್ನ ಮಗ ನೀರು ಕುಡುದು ಹೋದನೇನೋ?"

ಕಾಕಾ ನನ್ನ ಕಡೆ ನೋಡಿದರು. ಆ ನೋಟವನ್ನು ಮಾತ್ರ ನಾನು ತಪ್ಪಾಗಿ ನೆನಪಿಟ್ಟುಕೊಂಡಿಲ್ಲ. ಆಮೇಲೆ ಆಕೆಯ ಕಡೆ ತಿರುಗಿ, "ಹೂಂ ಅವ್ವಾ. ಕುಡದ" ಅಂದರು.

"ಅಷ್ಟಾದ್ರ ಸಾಕು ಬಿಡು" ಎಂದು ಆಕೆ ಅವರ ಕೈಗಳನ್ನು ಕಣ್ಣಿಗೊತ್ತಿಕೊಂಡಳು.

ಬಸ್ಸಿನಲ್ಲಿ ಕಾಕಾ ಕಿಟಕಿಯ ಕಡೆ ತಿರುಗಿ ಕೂತರು. ಮರುದಿನ ನಾನು ಪಾಟಿ ಹಿಡಿದು ಹೋದಾಗ ಹೇಳಿದರು: "ಭಾಳ ತಡಾ ಮಾಡಿದಿ ನೋಡವ್ವಾ. ನೀ ಬರ್ಮಾದಾಗ ಇದ್ದಿದ್ರ ಮಾಣಿಕ ಉಳೀತಿದ್ದ." ಬೈದಿದ್ದರೆ ಅಳುತ್ತಿದ್ದೆ. ಅವರು ನಕ್ಕರು, ನನಗೆ ಅಳಲೂ ಆಗಲಿಲ್ಲ. ನಾನು ಬರೆದುಕೊಂಡಿದ್ದ ಮೂಲ ಹಾಳೆಯನ್ನು ಅವರಿಗೆ ಕೊಟ್ಟೆನೋ, ಹರಿದೆನೋ, ದಿನಚರಿಯಲ್ಲಿ ಇಲ್ಲ. ಇದ್ದರೂ ನಾನದನ್ನು ನಂಬುತ್ತಿರಲಿಲ್ಲ.

ಕಾಕಾ ಕನ್ನಡ ಅಕ್ಷರ ಕಲಿತರು, ಅದರಲ್ಲೇ ಕೆಲಸ ಮಾಡಿ ನಿವೃತ್ತರಾದರು. ಆ ಅಕ್ಷರದಲ್ಲಿ ಒಂದು ಕವಿತೆಯನ್ನೂ ಬರೆಯಲಿಲ್ಲ. ಹಳೆಯ ವಹಿ ಅವರ ಟ್ರಂಕಿನಲ್ಲಿದೆ. ನನಗೆ ಓದಲು ಬಾರದು.

ಕರಡಚ್ಚು ಹಿಡಿದು ಕಳೆದ ತಿಂಗಳು ಔರಾದಕ್ಕೆ ಹೋಗಿದ್ದೆ. ಹಿಂದಿನ ನಾನಾಗಿದ್ದರೆ ನಿಜವೇ ದೊಡ್ಡದೆಂದು ಐದು ಸಾಲು ಬರೆದು ಅಂಚೆಗೆ ಹಾಕಿಬಿಡುತ್ತಿದ್ದೆ, ಅದೂ ಒಂದು ಔಚಿತ್ಯವೇ. ಆದರೆ ಮಾಣಿಕನ ಅವ್ವ ಇನ್ನೂ ಇದ್ದಾಳೆ. ಕಣ್ಣು ಹೋಗಿವೆ, ಕಿವಿ ಚುರುಕು. ಪುಸ್ತಕ ಬಂದರೆ ಯಾರಾದರೂ ಓದಿ ಹೇಳದೆ ಇರುವುದಿಲ್ಲ. ಕರಡಚ್ಚಿನಲ್ಲಿರುವ ನನ್ನ ಹದಿನಾರು ಸಾಲು ಹಾಗೇ ಅಚ್ಚಾದರೆ ಕಾಕಾರ ಹೆಸರಿನಲ್ಲಿ ಸುಳ್ಳು ನಿಲ್ಲುತ್ತದೆ. ಅವರ ಐದು ಸಾಲು ಅಚ್ಚಾದರೆ ಆ ಮುದುಕಿಯ ಮಗ ಮತ್ತೊಮ್ಮೆ ನೀರಿಲ್ಲದೆ ಸಾಯುತ್ತಾನೆ. ಇದನ್ನೆಲ್ಲ ಕಾಕಾರ ಮುಂದೆ ಹೇಳಿದೆ. ಅವರು ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ಬೆರಳಿಟ್ಟು, ಒಂದೊಂದೇ ಅಕ್ಷರ ಓದಿದರು. ಓದಿ ಮಡಚಿ ನನ್ನ ಕೈಗೆ ಕೊಟ್ಟರು. ಬೀದರದವರು ಎರಡು ಸಲ ಕಾಗದ ಬರೆದು ಅವಸರ ಮಾಡಿದ್ದಾರೆ. ನಾನು ಈ ಸಲ ಪೆನ್ನು ಮುಟ್ಟಿಲ್ಲ. ಅಂದು ಔರಾದದಲ್ಲಿ ಕೇಳಿದ ಮಾತಿಗೆ ಕಾಕಾರ ಉತ್ತರ ಬರುವವರೆಗೆ ಮುಟ್ಟುವುದೂ ಇಲ್ಲ:

"ಕಾಕಾ, ಯಾವುದು ಛಾಪಿಸ್ಲಿಕ್ಕ ಹೇಳಬೇಕ್ರಿ, ನೀವು ಬರದದ್ದೋ, ನಾ ಬರದದ್ದೋ?"