ಕೂಗುವ ಚಪ್ಪಲಿ

೧೯೯೮ರ ಮೇ ತಿಂಗಳು. ಟೆಂಪೋ ಮಗುಚಿ ನನ್ನ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ಆಗಲೇ ವರ್ಷವಾಗಿತ್ತು. ಹುಬ್ಬಳ್ಳಿಯಲ್ಲಿ ಕೃತಕ ಕಾಲು ಹಾಕಿಸಿದ್ದೆವು. "ಎರಡೂ ಕಾಲಿಗೆ ಸಮನಾಗಿ ಭಾರ ಬಿಡಿ" ಎಂದು ಅಲ್ಲಿ ಹೇಳಿಕೊಟ್ಟಿದ್ದರು. ಆದರೆ ಆ ಕಾಲು ನೆಲಕ್ಕೆ ತಾಗಿದ್ದೇ ನನಗೆ ತಿಳಿಯುತ್ತಿರಲಿಲ್ಲ. ಹೆದರಿ, ಯಜಮಾನರ ತೋಳಿಗೆ ಜೋತುಬಿದ್ದು ಕುಂಟುತ್ತಿದ್ದೆ. ಹುಲೇಕಲ್ ಕಡೆಯ ಶಾಲೆಯಲ್ಲಿ ನಾನು ಒಂದನೇ ತರಗತಿಗೆ ಟೀಚರ್. ಜೂನ್‌ನಲ್ಲಿ ಹಾಜರಾಗಬೇಕಿತ್ತು. ಆಗದಿದ್ದರೆ ಇರಲಿ ಎಂದು ರಾಜೀನಾಮೆಯನ್ನೂ ಬರೆದಿಟ್ಟಿದ್ದೆ.

ಒಂದು ದಿನ ಚಪ್ಪಲಿಯ ಪಟ್ಟಿ ಹೊಲಿಸಲು ಶಿರಸಿ ಬಸ್‌ಸ್ಟ್ಯಾಂಡ್ ಹತ್ತಿರ ಕೂರುವ ಹಿರಿಯರೊಬ್ಬರ ಬಳಿ ಹೋದೆವು. ಹಾವೇರಿ ಕಡೆಯವರು. ಚಪ್ಪಲಿ ಎರಡನ್ನೂ ಮಗುಚಿ ನೋಡಿ, "ಅಕ್ಕಾರ, ಒಂದು ಪೂರಾ ಸವದೈತಿ, ಇನ್ನೊಂದು ಹೊಸಾದ್ ಇದ್ದಂಗ ಐತಿ. ಆ ಕಾಲಿನ ಮ್ಯಾಲೆ ನೀವು ನಿಂದ್ರೂದ ಇಲ್ಲೇನ್ರಿ?" ಎಂದರು.

ನಾನು ಸೀರೆಯ ಅಂಚು ತುಸು ಎತ್ತಿ ತೋರಿಸಿದೆ. ಅವರು ಹಳೆಯ ರಾಶಿಯಿಂದ, ನಡೆದರೆ ಪೀಂಗುಟ್ಟುವ ಮಕ್ಕಳ ಶೂ ಒಂದನ್ನು ಹುಡುಕಿ, ಕುಯ್ದು, ಅದರ ಪೀಪಿಯನ್ನು ನನ್ನ ಎಡ ಚಪ್ಪಲಿಯ ಹಿಮ್ಮಡಿಯೊಳಗೆ ಕೂರಿಸಿ ಹೊಲಿದರು.

"ಭಾರ ಬಿಟ್ರ ಕೂಗತೈತಿ. ಕೂಗಲಿಲ್ಲಂದ್ರ ಇನ್ನೂ ಅಂಜಾಕತ್ತೀರಿ ಅಂತ ತಿಳೀರಿ."

ಯಜಮಾನರು ತೋಳು ಬಿಡಿಸಿಕೊಂಡು ಎದುರಿಗೆ ನಿಂತರು. "ಆನು ಹಿಡ್ಕತ್ನಿಲ್ಲೆ. ನೀನೇ ಬಾ."

ಒಂದು ಹೆಜ್ಜೆ, ಸದ್ದಿಲ್ಲ. ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ಕಣ್ಣು ಮುಚ್ಚಿ ಭಾರ ಬಿಟ್ಟೆ. ಪೀಂ! ಬಸ್ಸಿಗೆ ಕಾದಿದ್ದವರೆಲ್ಲ ತಿರುಗಿ ನೋಡಿದರು. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಯಜಮಾನರು ಮಾತ್ರ ಕಣ್ಣೊರೆಸಿಕೊಳ್ಳುತ್ತ, "ಇನ್ನೊಂದ್ಸಲ ಕೂಗ್ಸೆ ಮಾರಾಯ್ತಿ!" ಎಂದು ನಗುತ್ತಿದ್ದರು.

ಶಾಲೆಯಲ್ಲಿ ಮಕ್ಕಳು ಮೊದಲ ದಿನ ಬಿದ್ದು ಬಿದ್ದು ನಕ್ಕರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮರುದಿನದಿಂದ ಅವರೇ ನನ್ನ ಕಾವಲುಗಾರರು. ಹೆಜ್ಜೆ ತಪ್ಪಿದರೆ, "ಅಕ್ಕೋರೇ, ಕೂಗ್ಲಿಲ್ಲ!" ಎಂದು ಕಿರುಚುತ್ತಿದ್ದರು.

ದಸರಾ ರಜೆ ಮುಗಿದ ಮೇಲೆ ಒಂದು ದಿನ ಪುಟ್ಟ ಹುಡುಗಿಯೊಬ್ಬಳು ಎದ್ದು ನಿಂತು, "ಅಕ್ಕೋರೇ, ಬೆಳಗಿಂದ ಕೂಗ್ಲೇ ಇಲ್ಲ" ಎಂದಳು. ನೋಡಿದರೆ ಪೀಪಿ ಒಡೆದಿತ್ತು. ನನ್ನ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಸೀಮೆಸುಣ್ಣ. ಏನನ್ನೂ ಹಿಡಿಯದೆ, ಕಾಲಿನ ನೆನಪೇ ಇಲ್ಲದೆ ಅಷ್ಟು ಹೊತ್ತು ತರಗತಿ ತುಂಬ ಓಡಾಡಿದ್ದೆ.

ಆ ಭಾನುವಾರ ಶಿರಸಿಗೆ ಹೋಗಿ ಚಪ್ಪಲಿ ಹೊಲಿದ ಆ ಹಿರಿಯರಿಗೆ ಹೇಳಿದೆ. "ಹಂಗಾರ ಒಮ್ಮೆ ನಡದು ತೋರಿಸ್ರಿ" ಎಂದರು. ಬಸ್‌ಸ್ಟ್ಯಾಂಡ್ ಗೇಟಿನವರೆಗೆ ಹೋಗಿ ಬಂದೆ. ಹೊಲಿಗೆ ನಿಲ್ಲಿಸಿ, ದಬ್ಬಳ ಕೈಯಲ್ಲೇ ಹಿಡಿದು ನೋಡುತ್ತಿದ್ದರು. ಮಗುವಾಗಿ ನಾನು ಮೊದಲ ಹೆಜ್ಜೆ ಇಟ್ಟಾಗ ಅಪ್ಪ ಹೇಗೆ ನೋಡಿದ್ದನೋ ನನಗೆ ಗೊತ್ತಿಲ್ಲ. ಅವತ್ತು ಇವರು ನೋಡಿದ ಹಾಗೆಯೇ ನೋಡಿರಬೇಕು ಎಂದು ಈಗಲೂ ಅನ್ನಿಸುತ್ತದೆ.